ಕರುಳಿನ ಪೊರೆಯನ್ನು ಫ್ಲೋರೈಡ್ ದಾಟುವ ಬಗೆ: ಮಾನ್ವಿ–ದೇವದುರ್ಗದ ನೀರಿನ ಹಿನ್ನೆಲೆಯಲ್ಲಿ ಒಂದು ಮರುವಿಚಾರ

ಕೃಷ್ಣಾ–ತುಂಗಭದ್ರಾ ನಡುನಾಡಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆಯೆಂಬುದು ಹೊಸ ಸುದ್ದಿಯಲ್ಲ. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದೆ. ನದಿನೀರು ಕುಡಿಯುವ ರಾಯಚೂರು ನಗರದ ಮಾತು ಬೇರೆ. ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿಗೆ ಗ್ರಾನೈಟ್, ನೈಸ್ ಶಿಲೆಗಳು ಫ್ಲೋರೈಡನ್ನು ಸುಲಭವಾಗಿ ಬಿಟ್ಟುಕೊಡುತ್ತವೆ. ವಿಚಿತ್ರವೆಂದರೆ, ಕಲ್ಲಿನಿಂದ ಅದನ್ನು ಹೊರತರುವ ಕ್ಷಾರವೇ ಕೋಶಪೊರೆಯ ಬಳಿ ಅದನ್ನು ತಡೆಯಬೇಕಿತ್ತು.

ಪೊರೆಯ ರಚನೆಯ ಬಗ್ಗೆ ತಕರಾರಿಲ್ಲ. ಗೋರ್ಟರ್ ಮತ್ತು ಗ್ರೆಂಡೆಲ್ 1925ರಲ್ಲಿ ಸೂಚಿಸಿದ ಲಿಪಿಡ್ ಜೋಡಿಪದರ, ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಅದರಲ್ಲಿ ತೇಲಿಸಿದ ಪ್ರೋಟೀನುಗಳು: ನಮಗಿಲ್ಲಿ ಇಷ್ಟು ಸಾಕು. ನಡುವಿನ ಸುಮಾರು 3 ನ್ಯಾನೋಮೀಟರ್ ಎಣ್ಣೆಯಂಥ ಭಾಗ ವಿದ್ಯುದಾವೇಶ ಹೊತ್ತ ಅಯಾನನ್ನು, ಅದೆಷ್ಟೇ ಚಿಕ್ಕದಿರಲಿ, ಒಳಗೆ ಬಿಡದು. ಗುಟ್‌ನೆಕ್ಟ್ ಮತ್ತು ವಾಲ್ಟರ್ 1981ರಲ್ಲಿ ಕೃತಕ ಪೊರೆಗಳಲ್ಲಿ ಅಳೆದಾಗ, ಆವೇಶವಿಲ್ಲದ ಹೈಡ್ರೋಜನ್ ಫ್ಲೋರೈಡ್ ಅಣುವಿನ ಪಾರಗಮ್ಯತೆ ಫ್ಲೋರೈಡ್ ಅಯಾನಿನದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚಿತ್ತು. ಆಮ್ಲದಲ್ಲಿ ಫ್ಲೋರೈಡ್ ಅಯಾನು ಪ್ರೋಟಾನ್ ಕೂಡಿಕೊಂಡು ಈ ಅಣುವಾಗುತ್ತದೆ. ಜಠರದಲ್ಲಿ ಆಮ್ಲ ಹೆಚ್ಚಿದಷ್ಟೂ ಹೀರಿಕೆ ಹೆಚ್ಚುತ್ತದೆಂದು ವಿಟ್‌ಫರ್ಡ್ ಮತ್ತು ಪ್ಯಾಶ್ಲಿ 1984ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ. ಬಾವಿಯ ಕ್ಷಾರ ಹೊಟ್ಟೆಯ ಆಮ್ಲದ ಮುಂದೆ ನಿಲ್ಲುವುದಿಲ್ಲ.

ತೊಡಕು ಕರುಳಿನದು. ನೋಪಕುನ್ ಮತ್ತು ಮೆಸ್ಸರ್ ಇಲಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಹೀರಿಕೆಯ ಬಹುಪಾಲು ಸಣ್ಣ ಕರುಳಿನಲ್ಲಿ ನಡೆಯಿತು. ಅಲ್ಲಿನ ದ್ರವದ ಪಿಎಚ್ ಬದಲಿಸಿದರೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಕರುಳಿನಲ್ಲಿ ಅಣುವಿನ ಪಾತ್ರವಿಲ್ಲ, ಅಯಾನೇ ಕೋಶಗಳ ಸಂದಿಯಲ್ಲಿ ನುಸುಳುತ್ತದೆ ಎಂಬ ತೀರ್ಮಾನ ಬೆಳೆದಿದೆ. ಪ್ರಯೋಗವನ್ನು ನಾನು ಒಪ್ಪುತ್ತೇನೆ, ತೀರ್ಮಾನವನ್ನಲ್ಲ.

ಲೆಕ್ಕ ನೋಡೋಣ. ಹೈಡ್ರೋಫ್ಲೋರಿಕ್ ಆಮ್ಲದ ಪಿಕೆಎ 3.2ರ ಆಸುಪಾಸು. ಪಿಎಚ್ 2ರಲ್ಲಿ ಫ್ಲೋರೈಡಿನ ನೂರಕ್ಕೆ 94 ಭಾಗ ಅಣುರೂಪದಲ್ಲಿರುತ್ತದೆ. ಪಿಎಚ್ 6ರಲ್ಲಿ ಸುಮಾರು 600ರಲ್ಲಿ ಒಂದು ಭಾಗ, 7ರಲ್ಲಿ 6,300ರಲ್ಲಿ ಒಂದು. ಇದು ತೀರಾ ಕಡಿಮೆಯೆಂದು ಕಂಡೀತು. ಆದರೆ ಪಾರಗಮ್ಯತೆಯ ಅಂತರದೊಡನೆ ಗುಣಿಸಿದರೆ, ಪಿಎಚ್ 7ರಲ್ಲೂ ಲಿಪಿಡ್ ಪದರದ ಮೂಲಕ ಅಣುವಾಗಿ ದಾಟುವ ಫ್ಲೋರೈಡ್ ಅಯಾನಾಗಿ ದಾಟುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ದಾಟಿಹೋದ ಅಣುವಿನ ಜಾಗಕ್ಕೆ ಇನ್ನೊಂದು ಒಡನೆಯೇ ರೂಪುಗೊಳ್ಳುತ್ತದೆ. ಜಠರಕ್ಕಿಂತ ಕರುಳಿನ ಒಳಮೈ, ಮಡಿಕೆ ಮತ್ತು ಸೂಕ್ಷ್ಮ ಎಳೆಗಳಿಂದಾಗಿ, ನೂರಾರು ಪಟ್ಟು ಹರವಾದದ್ದು. 600ರಲ್ಲಿ ಒಂದರ ಕೊರತೆಯನ್ನು ಈ ಹರವು ಬಹುಮಟ್ಟಿಗೆ ತುಂಬಬಲ್ಲದು.

ಪಿಎಚ್ ಬದಲಿಸಿದರೂ ಹೀರಿಕೆ ಬದಲಾಗಲಿಲ್ಲವಲ್ಲ? ಕರುಳಿನ ಒಳಮೈಗೆ ಅಂಟಿದ ತೆಳು ದ್ರವಪದರ ತನ್ನದೇ ಆದ, ತುಸು ಆಮ್ಲೀಯ ಪಿಎಚ್ ಕಾಯ್ದುಕೊಳ್ಳುತ್ತದೆ. ಕೊಳವೆಯ ನಡುವಿನ ದ್ರವವನ್ನು ಬದಲಿಸಿದರೆ ಪೊರೆಗೆ ತಾಗುವ ದ್ರವವೂ ಅಷ್ಟೇ ಬದಲಾಯಿತೆನ್ನಲಾಗದು. ಆದ್ದರಿಂದ ಕರುಳಿನಲ್ಲೂ ಅಣುಮಾರ್ಗವೇ ಮುಖ್ಯವಾಗಿರಬಹುದು. "ಇರಬಹುದು" ಎನ್ನಲು ಕಾರಣಗಳಿವೆ: ಕೃತಕ ಪೊರೆಯ ಅಂಕಿ ಜೀವಂತ ಪೊರೆಗೆ ಹಾಗೇ ಹೊಂದಬೇಕೆಂದಿಲ್ಲ, ಕೋಶಸಂದಿಯ ಪಾಲನ್ನು ನನ್ನ ಲೆಕ್ಕ ಒಳಗೊಂಡಿಲ್ಲ, 1998ರಲ್ಲಿ ಮೊಲದ ಕರುಳಿನ ಪೊರೆಚೀಲಗಳ ಮೇಲೆ ನಡೆದ ಅಧ್ಯಯನ, ಪ್ರೋಟಾನಿನೊಡನೆ ಫ್ಲೋರೈಡನ್ನು ಸಾಗಿಸುವ ವಾಹಕವೊಂದನ್ನು ಸೂಚಿಸಿದೆ. ಅಂಥ ವಾಹಕದ ಕೆಲಸವೂ ಪಿಎಚ್‌ನ ಮಟ್ಟಿಗೆ ಅಣುವಿನ ಸಾಗಣೆಯಂತೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಫ್ಲೋರೈಡಿನ ಪ್ರಮಾಣ ಏರಿಸುತ್ತ ಹೋಗಿ, ವಾಹಕ ತುಂಬಿದಾಗ ಆಗುವಂತೆ ಹೀರಿಕೆಯ ಏರಿಕೆ ಎಲ್ಲಾದರೂ ನಿಲ್ಲುತ್ತದೆಯೇ ಎಂದು ಮನುಷ್ಯರ ಕರುಳಿನ ಅಂಗಾಂಶದಲ್ಲೇ ನೋಡಬೇಕು. ಜೋಳದ ರೊಟ್ಟಿ, ಪುಂಡಿಪಲ್ಯದ ಊಟದೊಡನೆ ಕುಡಿದ ನೀರಿಗೂ ಬರಿಹೊಟ್ಟೆಯಲ್ಲಿ ಕುಡಿದ ನೀರಿಗೂ ಇರುವ ಅಂತರ ಇನ್ನೊಂದು ಪ್ರಶ್ನೆ.