ಷರಾ ಬರೆದವರು, ಪಾಠ ಬರೆದವರು

1854ರಲ್ಲಿ, ಭಾರತದ ಆಡಳಿತದ ಮೇಲ್ವಿಚಾರಣೆಯ ಮಂಡಳಿಯ ಅಧ್ಯಕ್ಷ ಚಾರ್ಲ್ಸ್ ವುಡ್ ಇಂಗ್ಲೆಂಡಿನಿಂದ ಇಲ್ಲಿಗೆ ಕಳಿಸಿದ ಶಿಕ್ಷಣ ನಿರೂಪ ಎರಡು ಸಂಗತಿಗಳನ್ನು ಗಂಟು ಹಾಕಿತು: ಖಾಸಗಿ ಶಾಲೆಗೆ ಸರ್ಕಾರದ ಅನುದಾನ, ಅನುದಾನ ಪಡೆದ ಶಾಲೆಗೆ ಇನ್‌ಸ್ಪೆಕ್ಟರರ ತಪಾಸಣೆ. ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿದ್ದೂ ಅದರಿಂದಲೇ. ಮೈಸೂರಿನಲ್ಲಿ ಇಲಾಖೆ ಬಂದದ್ದು 1857ರಲ್ಲಿ. ಅದಕ್ಕೂ ಮೊದಲು ಐಗಳ ಮಠದಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದುತ್ತಿದ್ದಾಗ, ಐಗಳು ಜವಾಬು ಹೇಳಬೇಕಾದದ್ದು ಊರಿನವರಿಗೆ ಮಾತ್ರ. ಹೊಸ ಏರ್ಪಾಟಿನಲ್ಲಿ ಹೊರಗಿನ ಅಧಿಕಾರಿಯೊಬ್ಬ ಬಂದು ಹಾಜರಿ ಪುಸ್ತಕ ನೋಡಿ, ಮಕ್ಕಳಿಂದ ಓದಿಸಿ, ಷರಾ ಬರೆದು ಹೋಗತೊಡಗಿದ. ಆ ಷರಾದ ಮೇಲೆ ಮಾಸ್ತರರ ಅನ್ನ ನಿಂತ ಕಡೆ ಕಲಿಕೆ ಕುಗ್ಗಿತು; ಬಂದವನು ತರಗತಿಯ ಕೊರತೆಯನ್ನು ತನ್ನ ಕೆಲಸವೆಂದು ಹಚ್ಚಿಕೊಂಡ ಕಡೆ ಶಾಲೆ ಬೆಳೆಯಿತು. ಕಳೆದ ಒಂದೂವರೆ ಶತಮಾನದ ದಾಖಲೆ ನನಗೆ ಹೇಳುವುದು ಇದನ್ನೇ.

ಮೊದಲನೆಯದಕ್ಕೆ ಸಾಕ್ಷಿ ಇಂಗ್ಲೆಂಡ್. ಅಲ್ಲಿ ಸರ್ಕಾರದ ಪರವಾಗಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ 1862ರಲ್ಲಿ ಜಾರಿಗೆ ತಂದ ನಿಯಮಾವಳಿಯಂತೆ ಶಾಲೆಯ ಅನುದಾನವನ್ನು ಮಕ್ಕಳ ಹಾಜರಿಯೂ ಪರೀಕ್ಷೆಯೂ ಸೇರಿ ನಿರ್ಧರಿಸುತ್ತಿದ್ದವು. ಪರೀಕ್ಷೆಗೆ ಕೂತ ಮಗುವಿನ ಹೆಸರಿನಲ್ಲಿ ಎಂಟು ಶಿಲಿಂಗ್. ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದರಲ್ಲಿ ತಪ್ಪಿದರೆ ಎರಡು ಶಿಲಿಂಗ್ ಎಂಟು ಪೆನ್ಸ್ ಖೋತಾ. ಖಜಾನೆಗೆ ಇದರಿಂದ ಲಾಭವಾಯಿತು: 1861ರಲ್ಲಿ 8,13,441 ಪೌಂಡ್ ಇದ್ದ ಅನುದಾನ 1865ರ ಹೊತ್ತಿಗೆ 6,36,806ಕ್ಕೆ ಇಳಿಯಿತು. ಶಾಲೆಗಳು ತೆತ್ತ ಬೆಲೆಯೇ ಬೇರೆ. 1851ರಿಂದ 35 ವರ್ಷ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ತಮ್ಮ ವರದಿಗಳಲ್ಲಿ ಅದನ್ನು ಎಡೆಬಿಡದೆ ದಾಖಲಿಸಿದರು. ಪರೀಕ್ಷೆಗೆ ಗೊತ್ತುಮಾಡಿದ ಪುಸ್ತಕವನ್ನು ಮಕ್ಕಳು ಉರು ಹೊಡೆದು ಒಪ್ಪಿಸಿ ತೇರ್ಗಡೆಯಾಗಬಹುದಿತ್ತು; ಅರ್ಥ ತಿಳಿಯಲೇಬೇಕೆಂದಿರಲಿಲ್ಲ. ದುಡ್ಡು ತರದ ಭೂಗೋಳ, ಚರಿತ್ರೆಗಳು ಸೊರಗಿದವು. ತನ್ನದೇ ಇಲಾಖೆಯ ನಿಯಮವನ್ನು ಇಲಾಖೆಯೊಳಗಿದ್ದುಕೊಂಡೇ ಹೀಗೆ ವಿರೋಧಿಸಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ.

ಜನರ ತೆರಿಗೆ ಹಣಕ್ಕೆ ಲೆಕ್ಕ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಲೋ ಕೇಳಿದ್ದೂ ಅದನ್ನೇ. ಕಲಿಯದ ಮಕ್ಕಳ ಹೆಸರಿನಲ್ಲಿ ಅನುದಾನ ಸೋರಿಹೋಗುತ್ತದೆಂಬ ಅವರ ಆತಂಕದಲ್ಲಿ ಹುರುಳಿತ್ತು. ಆದರೆ ಅಳೆಯುವುದೊಂದು, ಅಳತೆಗೇ ಸಂಬಳ ಕಟ್ಟುವುದು ಇನ್ನೊಂದು. ಸಂಬಳ ಕಟ್ಟಿದ ಕ್ಷಣ ಅಳತೆಯೇ ಸುಳ್ಳಾಗುತ್ತದೆ, ಏಕೆಂದರೆ ಮಾಸ್ತರರು ಅಳೆಯಲಾಗುವುದನ್ನಷ್ಟೇ ಕಲಿಸುತ್ತಾರೆ. ಇಂಗ್ಲೆಂಡ್ 1890ರ ದಶಕದಲ್ಲಿ ಈ ಪದ್ಧತಿಯನ್ನು ಬಿಟ್ಟಿತು. ಭಾರತಕ್ಕೂ ಅದು ಬಂದಿತ್ತು: 1882ರ ಹಂಟರ್ ಆಯೋಗ ಅನುದಾನಿತ ಪ್ರಾಥಮಿಕ ಶಾಲೆಗಳಿಗೆ ಇದನ್ನೇ ಶಿಫಾರಸು ಮಾಡಿತು. ಬೇಡವೆಂದು ಹೇಳಲು ವೈಸ್‌ರಾಯ್ ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯವೇ ಬರಬೇಕಾಯಿತು.

ಇದೇ ಕಾಲದಲ್ಲಿ ಕನ್ನಡ ನಾಡಿನಲ್ಲಿ ಇದೇ ಹುದ್ದೆ ಬೇರೆ ಫಲ ಕೊಟ್ಟದ್ದನ್ನೂ ಕಾಣುತ್ತೇವೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಭಾಗದ ಶಾಲೆಗಳಲ್ಲಿ ಮರಾಠಿಯ ಮೇಲುಗೈ ಇದ್ದಾಗ, ಡೆಪ್ಯುಟಿ ಇನ್‌ಸ್ಪೆಕ್ಟರಾಗಿದ್ದ ಚೆನ್ನಬಸಪ್ಪನವರು ಮೇಲಧಿಕಾರಿ ರಸೆಲ್‌ರ ಬೆಂಬಲದಿಂದ ಕನ್ನಡ ಶಾಲೆಗಳನ್ನು ಬೆಳೆಸಿದರು. ಶಾಲೆ ತೆರೆದರೆ ಸಾಲದು. ಕಲಿಸುವವರು ಬೇಕು, ಅವರ ಕೈಗೆ ಓದಲು ಏನಾದರೂ ಬೇಕು. ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಧಾರವಾಡದ ನಾರ್ಮಲ್ ಸ್ಕೂಲ್, 1860ರ ದಶಕದ ‘ಮಠಪತ್ರಿಕೆ’ ಈ ಅಗತ್ಯಕ್ಕೆ ಒದಗಿದವು. ಪತ್ರಿಕೆಯ ಓದುಗರು ಶಾಲಾ ಮಾಸ್ತರರೇ. ಜನ ಚೆನ್ನಬಸಪ್ಪನವರ ಹೆಸರಿಗೆ ‘ಡೆಪ್ಯುಟಿ’ಯನ್ನು ಶಾಶ್ವತವಾಗಿ ಅಂಟಿಸಿಬಿಟ್ಟರು. ಮೈಸೂರಿನಲ್ಲಿ ಶಾಲಾ ಇನ್‌ಸ್ಪೆಕ್ಟರಾಗಿ ಬಂದಿದ್ದ ಲೂಯಿಸ್ ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಗೆ ರೂಪ ಕೊಟ್ಟರು. ದಕ್ಷಿಣ ಕನ್ನಡದಲ್ಲಿ ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರದು ಇನ್ನೂ ಸೊಗಸಾದ ಉದಾಹರಣೆ. ಚಿಕ್ಕ ಮಕ್ಕಳ ಬಾಯಿಗೆ ಹಿತವಾದ ಹಾಡು, ಕಥೆ ಕನ್ನಡದಲ್ಲಿ ತೀರ ಕಡಿಮೆ ಇದ್ದ ಕಾಲದಲ್ಲಿ ಅವನ್ನು ಅವರು ತಾವೇ ಬರೆದರು. ಬಾಲಸಾಹಿತ್ಯ ಮಂಡಲ ಕಟ್ಟಿ ಇತರರಿಂದಲೂ ಬರೆಸಿದರು.

ಇವರೆಲ್ಲ ಅಪರೂಪದ ವ್ಯಕ್ತಿಗಳು, ಅವರ ಪ್ರತಿಭೆಯನ್ನು ಹುದ್ದೆಯ ಲೆಕ್ಕಕ್ಕೆ ಬರೆಯುವುದು ಸರಿಯೇ ಎಂಬ ಆಕ್ಷೇಪವೂ ಬರಬಹುದು. ಪ್ರತಿಭೆ ಅವರದೇ, ನಿಜ. ಆದರೆ ನೂರು ತರಗತಿಗಳಲ್ಲಿ ಕೂತು ಒಂದೇ ಕೊರತೆಯನ್ನು ಮತ್ತೆ ಮತ್ತೆ ಕಾಣುವ ಅವಕಾಶ ಒಂದೇ ಊರಿನ ಮಾಸ್ತರರಿಗೆ ಸಿಗುವುದಿಲ್ಲ, ರಾಜಧಾನಿಯ ಕಾರ್ಯದರ್ಶಿಗೂ ಇಲ್ಲ. ಊರೂರು ತಿರುಗುವ ಇನ್‌ಸ್ಪೆಕ್ಟರಿಗೆ ಮಾತ್ರ ಅದು ಸಿಗುತ್ತಿತ್ತು, ಕಂಡದ್ದಕ್ಕೆ ಪರಿಹಾರ ಹುಡುಕುವಷ್ಟು ಅಧಿಕಾರವೂ ಇತ್ತು. ಸ್ವತಃ ಆರ್ನಾಲ್ಡ್ ಅಂಥ ಪ್ರತಿಭಾವಂತರು, ಆದರೂ ಕೆಟ್ಟ ನಿಯಮದಡಿ ಅವರು ಮಾಡಬಹುದಾದದ್ದು ಎಚ್ಚರಿಕೆಯ ವರದಿ ಬರೆಯುವುದಷ್ಟೇ ಆಯಿತು.

ಆ ಇನ್‌ಸ್ಪೆಕ್ಟರರ ಜಾಗದಲ್ಲಿ ಕರ್ನಾಟಕದಲ್ಲಿ ಈಗ ಕ್ಲಸ್ಟರ್ ಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ತಾಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ) ಇದ್ದಾರೆ. ಸಿಆರ್‌ಪಿ ಹುದ್ದೆ ಹುಟ್ಟಿದ್ದೇ ಶಿಕ್ಷಕರ ನೆರವಿಗೆ. ಅವರೂ ಶಿಕ್ಷಕರ ಸಾಲಿನಿಂದಲೇ ಬಂದವರು. ಅವರ ಹೊತ್ತನ್ನು ಮಾಹಿತಿ ತುಂಬಿ ಕಳಿಸುವ ಕೆಲಸಕ್ಕೆ ಸುರಿಯುವುದನ್ನು ಇಲಾಖೆ ನಿಲ್ಲಿಸಬೇಕು. ಶಾಲೆಗೆ ಹೋದ ದಿನ ಅವರು ಒಂದು ಪೂರ್ತಿ ಪಾಠ ಕೂತು ಕೇಳಲಿ, ಒಂದು ಪಾಠ ತಾವೂ ಮಾಡಲಿ.