ಹಳೆಯ ಪೆಟ್ರೋಲ್ ಜೀಪಿನ ಟೈಮಿಂಗ್: ಮೊದಲು ಪಾಯಿಂಟ್, ಆಮೇಲೆ ಕಿವಿ

ಇಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರನ್ನು ತುಸು ಹೊರಳಿಸಿ, ಸದ್ದು ನಯವಾದ ಕಡೆ ಬೋಲ್ಟ್ ಬಿಗಿಯುವುದು ಹಾಸನ, ಹೊಳೆನರಸೀಪುರದ ಕಡೆಯ ಹಳೆಯ ಮೇಸ್ತ್ರಿಗಳ ರೂಢಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಿವಿಗೆ ಕೆಲಸ ಕೊಡುವ ಮುನ್ನ ಪಾಯಿಂಟ್ ನೋಡಲೇಬೇಕು.

ವಿಲ್ಲೀಸ್ 1953ರಲ್ಲಿ ಹೊರತಂದು, ಮುಂದೆ ಮಹೀಂದ್ರ ದಶಕಗಳ ಕಾಲ ಇಲ್ಲೇ ತಯಾರಿಸಿದ ಸಿಜೆ-3ಬಿ ಜೀಪನ್ನೇ ತೆಗೆದುಕೊಳ್ಳೋಣ. ಅದರ 2.2 ಲೀಟರ್ ಹರಿಕೇನ್ ಇಂಜಿನ್ನಿನ ಫೈರಿಂಗ್ ಆರ್ಡರ್ 1-3-4-2. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ ಕಿಡಿ ಹಾರಬೇಕು. ಪಾಯಿಂಟ್ ಗ್ಯಾಪ್ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್.

ಈ ಎರಡು ಅಳತೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಪಿಕಪ್ ಬೀಳುತ್ತದೆ, ಇಂಜಿನ್ ಕಾಯುತ್ತದೆ. ಆಗ ಡಿಸ್ಟ್ರಿಬ್ಯೂಟರ್ ಮಾತ್ರ ತಿರುಗಿಸಿದರೆ ಟೈಮಿಂಗ್ ಸರಿಹೋಗುತ್ತದೆ, ಆದರೆ ಕಿರಿದಾದ ಗ್ಯಾಪ್ ಹಾಗೇ ಉಳಿದು ಪಾಯಿಂಟ್ ಸುಡುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಹಾಗಾಗಿ ಫಿಲ್ಲರ್ ಗೇಜಿನಿಂದ ಗ್ಯಾಪ್ ಕೂರಿಸುವುದೇ ಮೊದಲ ಕೆಲಸ.

ಆಮೇಲೆ ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಬೆರಳೊತ್ತಿ, ಹ್ಯಾಂಡಲ್ ತಿರುಗಿಸಬೇಕು. ಬೆರಳನ್ನು ಗಾಳಿ ತಳ್ಳಿದರೆ ಅದು ಕಂಪ್ರೆಷನ್. ಇದನ್ನು ನೋಡದೆ ಗುರುತನ್ನಷ್ಟೇ ನಂಬಿದರೆ ಪೂರಾ ಒಂದು ಸುತ್ತು ತಪ್ಪಬಹುದು, ಏಕೆಂದರೆ ಗುರುತು ಒಂದು ಆವರ್ತನದಲ್ಲಿ ಎರಡು ಸಲ ಬರುತ್ತದೆ. 5 ಡಿಗ್ರಿ ಗುರುತಿಗೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಪ್ರೈಮರಿ ತುದಿಗೂ ಬಾಡಿಗೂ ನಡುವೆ ಬಲ್ಬ್ ಕಟ್ಟಿ, ಸ್ವಿಚ್ ಹಾಕಬೇಕು. ಪಾಯಿಂಟ್ ಮುಚ್ಚಿದ್ದಾಗ ಬಲ್ಬ್ ಆರಿರುತ್ತದೆ. ತೆರೆದ ಕ್ಷಣ ಹತ್ತುತ್ತದೆ. ಬಲ್ಬ್ ಹತ್ತಿದಲ್ಲೇ ಡಿಸ್ಟ್ರಿಬ್ಯೂಟರ್ ಬಿಗಿಯಬೇಕು. ಅದರ ದಂಡ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಇಲ್ಲಿನ 1 ಡಿಗ್ರಿ ಅಲ್ಲಿನ 2 ಡಿಗ್ರಿ. ಕೂದಲೆಳೆಯಷ್ಟು ಹೊರಳಿಸಿದರೂ ಲೆಕ್ಕ ಬದಲಾಗುತ್ತದೆ.

ಕಿವಿಯ ಸರದಿ ಈಗ. ಚನ್ನರಾಯಪಟ್ಟಣದ ಹೆದ್ದಾರಿಯ ಸಮತಟ್ಟಿನಲ್ಲಿ ಏನೂ ಗೊತ್ತಾಗದು. ಅರಕಲಗೂಡಿನಿಂದ ಕೊಡಗಿನತ್ತ ಏರುವಾಗ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಕೇಳಬೇಕು. ನಾಕಿಂಗ್ ತುಸು ಕೇಳಿಸಿ ಮಾಯವಾದರೆ ಸರಿ, ನಿಲ್ಲದಿದ್ದರೆ ಸ್ವಲ್ಪ ಹಿಂದಕ್ಕೆ ತರಬೇಕು. ಇಂದಿನ ಇ20 ಪೆಟ್ರೋಲಿನ ಆಕ್ಟೇನ್ ಹೆಚ್ಚಿರುವುದರಿಂದ ನಾಕಿಂಗ್ ಕೇಳಿಸದೆಯೂ ಟೈಮಿಂಗ್ ಮುಂದಿರಬಹುದು. ಕಿವಿಗಿಂತ ಮೊದಲು ಬಲ್ಬ್ ಬೇಕೆನ್ನಲು ಇದೂ ಒಂದು ಕಾರಣ. ಹೊಸ ಪಾಯಿಂಟ್ ಹಾಕಿದ್ದರೆ ಫೈಬರ್ ಪಳಗಿದ ಮೇಲೆ ಗ್ಯಾಪನ್ನೂ ಟೈಮಿಂಗನ್ನೂ ಇದೇ ಕ್ರಮದಲ್ಲಿ ಮತ್ತೊಮ್ಮೆ ನೋಡಬೇಕು.