ಆಕ್ಸೊಲಾಟಲ್ ತೊಟ್ಟಿ

ಮೆಕ್ಸಿಕೊದ ಸೊಚಿಮಿಲ್ಕೊ ಕಾಲುವೆಗಳ ಉಭಯವಾಸಿ ಆಕ್ಸೊಲಾಟಲನ್ನು ಸಾಕುವ ಗಾಜಿನ ತೊಟ್ಟಿ. ಈ ಪ್ರಾಣಿ ಹೆಚ್ಚಾಗಿ ತಳದಲ್ಲೇ ನಡೆದಾಡುವುದರಿಂದ ಆಳಕ್ಕಿಂತ ಅಗಲ ಮುಖ್ಯ. ಒಂದು ಪ್ರಾಣಿಗೆ ಕನಿಷ್ಠ 75 ಲೀಟರ್ ನೀರು ಹಿಡಿಯಬೇಕು. ನೀರು 16–18 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರ್ನಾಟಕದ ಹಂಗಳ, ಗುಂಡ್ಲುಪೇಟೆ ಕಡೆ ಬೇಸಿಗೆಯ ಹಗಲು 30 ಡಿಗ್ರಿ ದಾಟುತ್ತದೆ. ಅಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದೆ ಈ ಪ್ರಾಣಿಯನ್ನು ತರಲೇಬಾರದು.

ಆಕ್ಸೊಲಾಟಲ್ ಬಾಯಿ ತೆರೆದು ಆಹಾರವನ್ನು ನೀರಿನೊಡನೆ ಸರಕ್ಕನೆ ಒಳಗೆಳೆದುಕೊಳ್ಳುತ್ತದೆ. ತಳದಲ್ಲಿ ಜಲ್ಲಿಕಲ್ಲಿದ್ದರೆ ಅದೂ ಹೊಟ್ಟೆ ಸೇರಿ ಕರುಳು ಕಟ್ಟಿಕೊಳ್ಳುತ್ತದೆ. ನುಣ್ಣನೆಯ ಮರಳು ಅಥವಾ ಬರಿ ಗಾಜೇ ಕ್ಷೇಮ. ನೀರಿನ ಸೆಳೆತ ಜೋರಾದರೆ ಕುಂಚದಂಥ ಕಿವಿರುಗಳು ಮುಂದಕ್ಕೆ ಬಾಗುತ್ತವೆ. ಫಿಲ್ಟರ್ ಮೆಲ್ಲಗೆ ಹರಿಯಲಿ. ರೆಪ್ಪೆಯಿಲ್ಲದ ಕಣ್ಣಿಗೆ ಮಬ್ಬು ಬೆಳಕು, ಅಡಗಲು ಮಣ್ಣಿನ ಕುಂಡ ಸಾಕು. ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಹಲವು ವಾರ ಬೇಕಾಗುವುದರಿಂದ ತೊಟ್ಟಿ ಮೊದಲು, ಪ್ರಾಣಿ ಆಮೇಲೆ.